ಎನ್‌ಇ2000 ಕಾಲದ ದುಬೈ

ದುಬೈಯ ಕಂಪ್ಯೂಟರ್ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1999ರ ಅಕ್ಟೋಬರ್‌ನಿಂದ ಶುರುಮಾಡುತ್ತಾರೆ. ಶೇಖ್ ಮೊಹಮ್ಮದ್ ಬಿನ್ ರಶೀದ್ ಅಲ್ ಮಕ್ತೂಮ್ ಅವರು ದುಬೈ ಇಂಟರ್ನೆಟ್ ಸಿಟಿಯನ್ನು ಘೋಷಿಸಿದ್ದು ಆಗ. ಒಂದೇ ವರ್ಷದಲ್ಲಿ, 2000ದ ಅಕ್ಟೋಬರ್‌ನಲ್ಲಿ, ಬರಿಯ ಮರಳಿದ್ದ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದು ನಿಂತವು. ಮೈಕ್ರೋಸಾಫ್ಟ್, ಒರಾಕಲ್, ಐಬಿಎಂಗಳು ಬಂದು ಕೂತವು. ಅದೆಲ್ಲ ನಿಜ, ದೊಡ್ಡ ಸಾಹಸವೂ ಹೌದು. ಆದರೆ ನನ್ನ ಲೆಕ್ಕದಲ್ಲಿ ಆ ಹೊತ್ತಿಗೆ ಕಥೆ ಅರ್ಧ ಮುಗಿದಿತ್ತು.

ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ದುಬೈ, ಅಬುಧಾಬಿಗಳ ಕಚೇರಿಗಳಲ್ಲಿ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡತೊಡಗಿದ್ದವು. ಹಡಗು ಏಜೆನ್ಸಿ, ಟ್ರಾವೆಲ್ಸ್, ಸಿಮೆಂಟು-ಕಬ್ಬಿಣದ ಟ್ರೇಡಿಂಗ್ ಕಂಪನಿ, ಆಸ್ಪತ್ರೆಯ ಬಿಲ್ಲಿಂಗ್ ವಿಭಾಗ ಹೀಗೆ ಎಲ್ಲೆಲ್ಲೂ ಐದೋ ಹತ್ತೋ ಪಿಸಿಗಳನ್ನು ಒಂದು ಕಪ್ಪು ಕೇಬಲಿಗೆ ಪೋಣಿಸಿ, ಮೂಲೆಯಲ್ಲಿ ಒಂದು ಸರ್ವರ್ ಇಟ್ಟು, ಒಂದೇ ಲೆಕ್ಕದ ಪುಸ್ತಕವನ್ನು ಎಲ್ಲರೂ ತೆರೆಯುವ ವ್ಯವಸ್ಥೆಯಾಗಿತ್ತು. ಇದರ ಸರಕು ಬರುತ್ತಿದ್ದದ್ದು ಕ್ರೀಕಿನ ಈಚೆ ದಡದ ಬರ್ ದುಬೈಯಿಂದ. ಅಲ್ಲಿನ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯನ್ನು ಜನ ಬ್ಯಾಂಕ್ ಸ್ಟ್ರೀಟ್ ಎಂದೂ ಕಂಪ್ಯೂಟರ್ ಸ್ಟ್ರೀಟ್ ಎಂದೂ ಕರೆಯುತ್ತಾರೆ. ಆ ರಸ್ತೆ ಮತ್ತು ಅದರ ಆಸುಪಾಸಿನ ಅಲ್ ಐನ್ ಸೆಂಟರ್‌ನಂಥ ಕಟ್ಟಡಗಳ ಸಣ್ಣ ಅಂಗಡಿಗಳಲ್ಲಿ ಹೆಸರಿಲ್ಲದ ಬಿಳಿ ಪೆಟ್ಟಿಗೆಗಳು ಗೋಡೆಯೆತ್ತರಕ್ಕೆ ಪೇರಿಸಿರುತ್ತಿದ್ದವು. ಪೆಟ್ಟಿಗೆಯೊಳಗೆ ಪಿಸಿಯನ್ನು ಜಾಲಕ್ಕೆ ಸೇರಿಸುವ ಒಂದು ಹಸಿರು ಕಾರ್ಡು, ಮಡಚಿದ ಒಂದು ಹಾಳೆ, ಒಂದು ಫ್ಲಾಪಿ. ಪೆಟ್ಟಿಗೆಯ ಮೇಲೆ ತಯಾರಕನ ಹೆಸರು ಇರಲಿ ಬಿಡಲಿ, ಒಂದು ಮಾತು ಮಾತ್ರ ಇರಲೇಬೇಕಿತ್ತು: ‘ಎನ್‌ಇ2000 ಕಾಂಪಾಟಿಬಲ್.’

ಆ ಕಾರ್ಡಿನ ಹಿಂದಿನ ಕಥೆ ಅಮೆರಿಕದಲ್ಲಿ ಶುರುವಾಗುತ್ತದೆ. ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಈಥರ್ನೆಟ್ ಎಂಬ ಜಾಲದ ಕಲ್ಪನೆಯನ್ನು ಟಿಪ್ಪಣಿಯಾಗಿ ಬರೆದದ್ದು 1973ರ ಮೇ 22ರಂದು. ಯುಎಇ ಎಂಬ ದೇಶಕ್ಕೆ ಆಗ ಒಂದೂವರೆ ವರ್ಷವೂ ತುಂಬಿರಲಿಲ್ಲ. ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಕಟ್ಟಿದ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1980ರಲ್ಲಿ ಡಿಜಿಟಲ್, ಇಂಟೆಲ್, ಝೆರಾಕ್ಸ್ ಸೇರಿ ಅದನ್ನು 10 ಮೆಗಾಬಿಟ್ಟಿಗೆ ಏರಿಸಿದವು; 1983ರಲ್ಲಿ ಐಇಇಇ ಅದಕ್ಕೆ ಮಾನಕದ ಮುದ್ರೆ ಒತ್ತಿತು. ಅಷ್ಟಾದರೂ ಕಾರ್ಡುಗಳು ದುಬಾರಿಯೇ. ಯೂಟಾ ರಾಜ್ಯದ ನೊವೆಲ್ ಕಂಪನಿಗೆ ಇದೇ ತಲೆನೋವಾಗಿತ್ತು. ಅದು ಮಾರುತ್ತಿದ್ದದ್ದು ನೆಟ್‌ವೇರ್ ಎಂಬ ಸರ್ವರ್ ತಂತ್ರಾಂಶವನ್ನು. ಕಾರ್ಡು ಅಗ್ಗವಾಗದೆ ನೆಟ್‌ವೇರ್ ಹರಡುವಂತಿರಲಿಲ್ಲ. ಮುಖ್ಯಸ್ಥ ರೇ ನೂರ್ಡಾ ಹಿಡಿದ ದಾರಿ ಸರಳ: ನ್ಯಾಷನಲ್ ಸೆಮಿಕಂಡಕ್ಟರ್‌ನ ಡಿಪಿ8390 ಎಂಬ ಚಿಪ್ಪು ತೆಗೆದುಕೊಂಡು, ಅತಿ ಕಡಿಮೆ ಬಿಡಿಭಾಗಗಳಲ್ಲಿ ಮೊದಲು 8 ಬಿಟ್ಟಿನ ಎನ್‌ಇ1000, ಆಮೇಲೆ 16 ಬಿಟ್ಟಿನ ಎನ್‌ಇ2000 ಕಾರ್ಡುಗಳನ್ನು 1980ರ ದಶಕದ ಉತ್ತರಾರ್ಧದಲ್ಲಿ ಮಾರುಕಟ್ಟೆಗೆ ಬಿಡುವುದು. ಬೇರೆಯವರು ಅನುಕರಿಸಿದರೆ ನೊವೆಲ್‌ಗೆ ನಷ್ಟವಿರಲಿಲ್ಲ. ಕಾರ್ಡು ಅಗ್ಗವಾದಷ್ಟೂ ನೆಟ್‌ವೇರ್ ಹೆಚ್ಚು ಹೋಗುತ್ತಿತ್ತು. ತೈವಾನಿನವರು ಅನುಕರಿಸಿದರು. ರಿಯಲ್‌ಟೆಕ್, ಯುಎಂಸಿ, ವಿನ್‌ಬಾಂಡ್ ಮುಂತಾದವು ಇಡೀ ಕಾರ್ಡನ್ನೇ ಒಂದು ಚಿಪ್ಪಿಗೆ ಇಳಿಸಿದವು. ದರ ಬಿತ್ತು.

ಅಗ್ಗದ ಸರಕು ಎಲ್ಲಿದ್ದರೂ ದುಬೈಗೆ ಬರುತ್ತದೆ. ಜೆಬೆಲ್ ಅಲಿ ಮುಕ್ತ ವಲಯ 1985ರಲ್ಲಿ ತೆರೆದಿತ್ತು. ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ 1981ರಲ್ಲಿ ಗಲ್ಫ್ ಕಂಪ್ಯೂಟರ್ ಎಕ್ಸಿಬಿಷನ್ ಎಂಬ ಹೆಸರಿನಲ್ಲಿ ಶುರುವಾದ ಮೇಳ ಜೈಟೆಕ್ಸ್ ಆಗಿ ಬೆಳೆಯುತ್ತಿತ್ತು. ಆಮದು ಸುಂಕ ಹೇಳಿಕೊಳ್ಳುವಂಥದ್ದಲ್ಲ. ತೈವಾನಿನ ಕಂಟೇನರುಗಳು ಇಲ್ಲಿ ಇಳಿದು, ಒಡೆದು, ಮತ್ತೆ ಕಟ್ಟಿಸಿಕೊಂಡು ಇರಾನಿಗೆ, ಪೂರ್ವ ಆಫ್ರಿಕಕ್ಕೆ, ಸೋವಿಯತ್ ಒಕ್ಕೂಟದಿಂದ ಆಗಷ್ಟೇ ಹೊರಬಂದ ದೇಶಗಳಿಗೆ ಹೋಗುತ್ತಿದ್ದವು. ದೇರಾ ಕಡೆಯ ಕಟ್ಟೆಯಲ್ಲಿ ಮರದ ಹಡಗುಗಳಿಗೆ ಟೈರು, ಫ್ರಿಜ್ಜುಗಳ ಜೊತೆ ಕಂಪ್ಯೂಟರ್ ಪೆಟ್ಟಿಗೆಗಳೂ ಏರುತ್ತಿದ್ದವು. ಭಾರತದಲ್ಲಿ ಆಗ ಇಂಥ ಬಿಡಿಭಾಗಗಳ ಮೇಲೆ ಭಾರಿ ಸುಂಕ. ಊರಿಗೆ ಹೋಗುವ ನಮ್ಮವರ ಸೂಟ್‌ಕೇಸುಗಳಲ್ಲಿ ಸೆಂಟು, ಟ್ಯಾಂಗು, ಖರ್ಜೂರಗಳ ನಡುವೆ ಒಂದೆರಡು ಹಸಿರು ಕಾರ್ಡುಗಳು ಸೇರಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮವರು ಅಂದೆ. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕಾಸರಗೋಡುಗಳಿಂದ 1990ರ ದಶಕದಲ್ಲಿ ಗಲ್ಫಿಗೆ ಹೋದವರಲ್ಲಿ ಹೋಟೆಲು, ಆಸ್ಪತ್ರೆ, ಲೆಕ್ಕಪತ್ರಗಳ ಕೆಲಸದವರ ಜೊತೆಗೆ ಹೊಸದೊಂದು ವರ್ಗ ಸೇರಿತು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಮೇಲೊಂದು ಖಾಸಗಿ ಸಂಸ್ಥೆಯ ಕಂಪ್ಯೂಟರ್ ಕೋರ್ಸು, ಅನುಕೂಲವಿದ್ದವರಿಗೆ ನೊವೆಲ್‌ನ ಸಿಎನ್‌ಇ ಪ್ರಮಾಣಪತ್ರ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಇವರೆಲ್ಲ ಮುಂಬೈ ದಾರಿ ಹಿಡಿದು ಹೋದವರು. ಕರಾಮಾದಲ್ಲಿ ನಾಲ್ಕೈದು ಜನ ಹಂಚಿಕೊಂಡ ಕೋಣೆ, ಬರ್ ದುಬೈಯಲ್ಲಿ ಅಂಗಡಿ, ಶುಕ್ರವಾರ ಕೆಲಸ. ಶುಕ್ರವಾರ ಯಾಕೆಂದರೆ ಕಚೇರಿಗಳು ಮುಚ್ಚಿರುತ್ತಿದ್ದದ್ದು ಅಂದೇ. ಮೇಜು ಸರಿಸಿ ಕೇಬಲು ಎಳೆಯಲು ಬೇರೆ ದಿನ ಯಾರೂ ಬಿಡುತ್ತಿರಲಿಲ್ಲ. ಅಬುಧಾಬಿಯ ಹಮ್ದಾನ್ ಸ್ಟ್ರೀಟ್, ಎಲೆಕ್ಟ್ರಾ ಸ್ಟ್ರೀಟ್‌ಗಳ ಕಚೇರಿಗಳಾದರೆ ಬೆಳಗಿನ ಜಾವವೇ ಹೊರಟು ನೂರಮೂವತ್ತು-ನೂರನಲವತ್ತು ಕಿಲೋಮೀಟರ್ ಹೋಗಬೇಕು.

ಕೆಲಸ ಹೇಗಿತ್ತು ಎಂದು ಹತ್ತಿರದಿಂದ ನೋಡಬೇಕು. ಆರ್‌ಜಿ58 ಎಂಬ ಕಪ್ಪು ಕೋಆಕ್ಸ್ ಕೇಬಲು. ಒಂದು ಎಳೆಗೆ ಗರಿಷ್ಠ 185 ಮೀಟರ್, ಗರಿಷ್ಠ 30 ಯಂತ್ರ. ಪ್ರತಿ ಪಿಸಿಯ ಬೆನ್ನಿಗೆ ಒಂದು ‘ಟಿ’, ಸಾಲಿನ ಎರಡೂ ತುದಿಗೆ 50 ಓಮಿನ ಟರ್ಮಿನೇಟರ್. ಕಸ ಗುಡಿಸುವವರ ಕಾಲಿಗೆ ಸಿಕ್ಕಿ ಒಂದು ‘ಟಿ’ ಕಳಚಿದರೆ ಇಡೀ ಕಚೇರಿ ಸ್ತಬ್ಧ. ಕಾರ್ಡಿನ ಮೇಲೆ ಎರಡು ಸಾಲು ಪಿನ್ನುಗಳು, ಅವುಗಳ ಮೇಲೆ ಕೂರುವ ಕರಿ ಜಂಪರುಗಳು. ಒಂದು ಜಂಪರು ಕಾರ್ಡಿನ ವಿಳಾಸ ಹೇಳಬೇಕು, ಹದಿನಾರರ ಎಣಿಕೆಯಲ್ಲಿ 300. ಇನ್ನೊಂದು ಅದರ ಇಂಟರಪ್ಟ್, ಅಂದರೆ ಪ್ರೊಸೆಸರನ್ನು ಕರೆಯುವ ಸಂಖ್ಯೆ, ಹೇಳಬೇಕು, ಪೆಟ್ಟಿಗೆ ಬಿಚ್ಚಿದಾಗ ಇರುತ್ತಿದ್ದದ್ದು 3. ಆದರೆ ಪಿಸಿಯಲ್ಲಿ 3 ಅನ್ನು ಎರಡನೆಯ ಸೀರಿಯಲ್ ಪೋರ್ಟು ಮೊದಲೇ ಹಿಡಿದಿರುತ್ತಿತ್ತು. ಫ್ಲಾಪಿಯಲ್ಲಿನ ಡ್ರೈವರ್‌ಗೆ ನೆಟ್.ಸಿಎಫ್‌ಜಿ ಕಡತದಲ್ಲಿ ಇದೇ ಎರಡು ಸಂಖ್ಯೆಗಳನ್ನು ಬರೆದುಕೊಡಬೇಕು. ಜಂಪರಿನ ಸಂಖ್ಯೆಗೂ ಕಡತದ ಸಂಖ್ಯೆಗೂ ಹೊಂದಿಕೆಯಾಗದಿದ್ದರೆ ಕಾರ್ಡು ಇದ್ದೂ ಇಲ್ಲದ ಹಾಗೆ. ಅಂಗಡಿಯ ಸೀನಿಯರಿಗೆ ಕಚೇರಿಯಿಂದ ಹೊಸ ಹುಡುಗ ಮಾಡುವ ಫೋನು ಬಹುತೇಕ ಹೀಗಿರುತ್ತಿತ್ತು:

“ಅಣ್ಣ, ಡ್ರೈವರ್ ಲೋಡ್ ಆಯ್ತು. ಆದ್ರೆ ಸರ್ವರ್ ಸಿಗ್ಲಿಲ್ಲ ಅಂತ ಬರ್ತಾ ಉಂಟು.”

“ಇಂಟರಪ್ಟ್ ಎಷ್ಟಕ್ಕೆ ಇಟ್ಟಿದ್ದಿ?”

“ಮೂರಕ್ಕೆ.”

“ಮೂರರಲ್ಲಿ ಮೋಡೆಮ್ ಉಂಟಲ್ಲ ಮಾರಾಯ! ಐದಕ್ಕೆ ಹಾಕು, ಫೈಲಲ್ಲಿ ಕೂಡ ಐದು ಅಂತ ಬರಿ.”

“ಅದೂ ಮಾಡಿ ನೋಡಿದೆ ಅಣ್ಣ. ಸಿಗ್ಲಿಲ್ಲ.”

“ಹಾಗಾದ್ರೆ ಸರ್ವರ್ 3.12 ಇರ್ಬೇಕು. ಫ್ರೇಮ್ ಟೈಪ್ 802.2 ಮಾಡು, ಈಗ ಬರ್ತದೆ.”

ಕೊನೆಯ ಆ ಮಾತಿಗೆ ಕಾರಣವಿದೆ. ನೆಟ್‌ವೇರ್ 3.11ರ ತನಕ ಕಾರ್ಡು ಕಳಿಸುವ ಪೊಟ್ಟಣದ ಮೇಲೆ ವಿಳಾಸ ಬರೆಯುವ ಕ್ರಮ ಒಂದಿತ್ತು. 3.12ರಿಂದ ನೊವೆಲ್ ಸದ್ದಿಲ್ಲದೆ ಇನ್ನೊಂದನ್ನು ಮೂಲ ಆಯ್ಕೆಯಾಗಿಸಿತು. ಕೇಬಲು ಸರಿ, ಕಾರ್ಡು ಸರಿ, ಜಂಪರು ಸರಿ, ಆದರೂ ಸರ್ವರಿಗೆ ಪಿಸಿ ಕಾಣದು. ಡ್ರೈವರ್ ಕಡತದಲ್ಲಿ ಒಂದು ಸಾಲು ತಿದ್ದಿದರೆ ಇಡೀ ಕಚೇರಿ ಎದ್ದು ಕೂರುತ್ತಿತ್ತು. ಎಷ್ಟೋ ಶುಕ್ರವಾರಗಳು ಈ ಒಂದು ಸಾಲಿಗೆ ಬಲಿಯಾದವು.

ಈ ಡ್ರೈವರ್ ಮಾಡುವ ಕೆಲಸವೇನು? ಆಪರೇಟಿಂಗ್ ಸಿಸ್ಟಂಗೆ ಗೊತ್ತಿರುವುದು ‘ಇದನ್ನು ಕಳಿಸು’ ಎಂದು ಹೇಳುವುದಷ್ಟೆ. ಕಾರ್ಡಿಗೆ ಆ ಭಾಷೆ ತಿಳಿಯದು. ಅದರ ಬಳಿ ಇರುವುದು ಕೆಲವು ರಿಜಿಸ್ಟರುಗಳು ಮತ್ತು 16 ಕಿಲೋಬೈಟ್ ಜಾಗ. ಆ ಜಾಗವನ್ನು 256 ಬೈಟಿನ 64 ಪುಟಗಳಾಗಿ ವಿಂಗಡಿಸಿ, ಮೊದಲ ಕೆಲವು ಪುಟಗಳನ್ನು ಹೊರಗೆ ಹೋಗುವ ಪೊಟ್ಟಣಕ್ಕೆ ಮೀಸಲಿಟ್ಟು, ಉಳಿದದ್ದನ್ನು ಉಂಗುರದಂತೆ ಸುತ್ತಿಸಿ, ಬಂದದ್ದನ್ನು ಅದರಲ್ಲಿ ಕೂಡಿಡಬೇಕು. ಪೊಟ್ಟಣ ಬಂತೆಂದು ಕಾರ್ಡು ಇಂಟರಪ್ಟ್ ಕೊಟ್ಟೊಡನೆ ಪ್ರೊಸೆಸರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಒಂದೇ ಕಿಂಡಿಯಿಂದ ಎರಡೆರಡು ಬೈಟಾಗಿ ಅದನ್ನು ಎತ್ತಿಕೊಳ್ಳಬೇಕು. ಎತ್ತುವ ಮೊದಲೇ ಉಂಗುರ ತುಂಬಿತೋ, ಡಿಪಿ8390 ಗೊಂದಲಕ್ಕೆ ಬೀಳುತ್ತದೆ. ಅದನ್ನು ನಿಲ್ಲಿಸಿ, ಕಾದು, ಮತ್ತೆ ಎಬ್ಬಿಸಬೇಕು. ಎಷ್ಟು ಕಾಯಬೇಕು? ಚಿಪ್ಪು ತಯಾರಿಸಿದವರು ಹೇಳಿದ್ದು 1.6 ಮಿಲಿಸೆಕೆಂಡು. ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನ ಡ್ರೈವರ್ ಅವರ ಮಾತಿಗೇ ಜೋತುಬೀಳದೆ 10 ಮಿಲಿಸೆಕೆಂಡು ಕಾಯುತ್ತದೆ. ಅಗ್ಗದ ಕಾರ್ಡುಗಳನ್ನು ಕೈಯಾರೆ ಪರೀಕ್ಷಿಸಿದವರಿಗೆ ಮಾತ್ರ ಬರುವ ಎಚ್ಚರ ಅದು.

ಆ ಲಿನಕ್ಸ್ ಡ್ರೈವರ್ ಬರೆದವರು ಡೊನಾಲ್ಡ್ ಬೆಕರ್. ಕಡತದ ತಲೆಬರಹದಲ್ಲಿ 1992-94 ಎಂಬ ವರ್ಷಗಳಿವೆ. ಅದರ ಕೆಳಗೆ 1993ರ ಹಕ್ಕುಸ್ವಾಮ್ಯ ಅಮೆರಿಕ ಸರ್ಕಾರದ್ದು, ರಾಷ್ಟ್ರೀಯ ಭದ್ರತಾ ಏಜೆನ್ಸಿಯ ನಿರ್ದೇಶಕರ ಮೂಲಕ ಎಂದು ಬರೆದಿದೆ. ಅಷ್ಟು ಗುಟ್ಟಿನ ಇಲಾಖೆಯ ಹೆಸರು ಹೊತ್ತ ಕಡತ ಜಿಪಿಎಲ್ ಪರವಾನಗಿಯಡಿ, ಯಾರು ಬೇಕಾದರೂ ಓದಿ ತಿದ್ದಬಹುದೆಂಬ ಷರತ್ತಿನಲ್ಲಿ, ಲೋಕಕ್ಕೆ ಬಂತು. ಬೆಕರ್ ಬರೆದದ್ದು ಇದೊಂದನ್ನೇ ಅಲ್ಲ. ಆ ಕಾಲದ ಲಿನಕ್ಸಿನ ಈಥರ್ನೆಟ್ ಡ್ರೈವರ್‌ಗಳಲ್ಲಿ ದೊಡ್ಡ ಪಾಲು ಅವರದು. 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಜೊತೆ 16 ಸಾಧಾರಣ 486 ಯಂತ್ರಗಳನ್ನು ಈಥರ್ನೆಟ್‌ನಲ್ಲಿ ಹೆಣೆದು ಬೇವುಲ್ಫ್ ಎಂಬ ಅಗ್ಗದ ಸೂಪರ್ ಕಂಪ್ಯೂಟರ್ ಕಟ್ಟಿದವರೂ ಅವರೇ. ಅಂಗಡಿಯಲ್ಲಿ ಸಿಗುವ ಕಾರ್ಡಿನಿಂದಲೇ ದೊಡ್ಡ ಕೆಲಸವಾಗಬೇಕು ಎಂಬ ಹಟವಿದ್ದದ್ದರಿಂದಲೇ ಅಷ್ಟು ಡ್ರೈವರ್‌ಗಳು ಹುಟ್ಟಿದವು.

ಆ ಕಡತವನ್ನು ಓದುವಾಗ ನನಗೆ ಕಂಪ್ಯೂಟರ್ ಸ್ಟ್ರೀಟೇ ಕಣ್ಣೆದುರು ಬರುತ್ತದೆ. ಕಾರ್ಡು ಎಲ್ಲಿದೆ ಎಂದು ಅದು 300ರಿಂದ ಹುಡುಕಾಟ ಶುರುಮಾಡಿ, 280, 320, 340 ಎಂದು ಒಂದೊಂದೇ ಬಾಗಿಲು ತಟ್ಟುತ್ತದೆ. ಸಿಕ್ಕಿದ ಮೇಲೆ ಕಾರ್ಡಿನ ಪ್ರಾಮ್ ಎಂಬ ಸ್ಥಿರ ಸ್ಮೃತಿಯನ್ನು ಓದಿ 14 ಮತ್ತು 15ನೆಯ ಸ್ಥಾನಗಳಲ್ಲಿ ಎರಡು ‘ಡಬ್ಲ್ಯೂ’ ಅಕ್ಷರಗಳಿವೆಯೇ ಎಂದು ನೋಡುತ್ತದೆ. ಇದ್ದರೆ ನಿಯತ್ತಾಗಿ ಅನುಕರಿಸಿದ ಎನ್‌ಇ2000. ಇಲ್ಲದಿದ್ದರೆ ‘ಕೆಟ್ಟ ಕ್ಲೋನು’ಗಳ ಪಟ್ಟಿಯೊಂದಿದೆ. ಡಿ-ಲಿಂಕ್‌ನ ಡಿಇ100, ಕಾಂಪೆಕ್ಸ್, ಈಥರ್‌ನೆಕ್ಸ್ಟ್ ಹೀಗೆ ಒಂದೊಂದು ಕಾರ್ಡಿನ ಈಥರ್ನೆಟ್ ವಿಳಾಸದ ಮೊದಲ ಮೂರು ಬೈಟುಗಳನ್ನು ಅದರಲ್ಲಿ ಬರೆದಿಟ್ಟಿದ್ದಾರೆ. ಅವುಗಳಿಗೂ ಕೆಲಸ ಕೊಡುತ್ತಾರೆ, ಹೊರಗೆ ಹಾಕುವುದಿಲ್ಲ. ಇಂಟರಪ್ಟ್ ಗೊತ್ತಿಲ್ಲದಿದ್ದರೆ ಕಾರ್ಡಿನಿಂದ ಒಂದು ಹುಸಿ ಇಂಟರಪ್ಟ್ ಹೊರಡಿಸಿ, ಯಾವ ಸಂಖ್ಯೆಯಲ್ಲಿ ಬಂತೆಂದು ನೋಡಿ ತಾನೇ ತಿಳಿದುಕೊಳ್ಳುತ್ತದೆ. ಶುಕ್ರವಾರದ ಆ ಹುಡುಗ ಫೋನಿನಲ್ಲಿ ಕೇಳಿ ಮಾಡುತ್ತಿದ್ದ ಕೆಲಸವನ್ನೆಲ್ಲ ಈ ಕೆಲವು ಸಾಲುಗಳು ಮಾಡುತ್ತಿದ್ದವು.

ಯುಎಇಗೆ ದೂರಸಂಪರ್ಕ ಕಂಪನಿ ಎತಿಸಲಾತ್ ಇಂಟರ್ನೆಟ್ ತಂದದ್ದು 1995ರಲ್ಲಿ. ಆಗ ಕಚೇರಿಗಳಲ್ಲಿ ಹೊಸ ಪೇಚಾಟ ಶುರುವಾಯಿತು. ಕಾರ್ಡು ಒಂದೇ, ಆದರೆ ಅದರ ಮೇಲೆ ಹರಿಯಬೇಕಾದ ಮಾತು ಎರಡು: ನೆಟ್‌ವೇರಿನ ಐಪಿಎಕ್ಸ್ ಮತ್ತು ಇಂಟರ್ನೆಟ್ಟಿನ ಟಿಸಿಪಿ/ಐಪಿ. ಮೊದಲಿನ ಡ್ರೈವರ್‌ಗಳು ಒಬ್ಬನೇ ಯಜಮಾನನಿಗೆ ದುಡಿಯುವಂಥವು. ಒಂದೇ ಡ್ರೈವರ್ ಇಬ್ಬರಿಗೂ ಪೊಟ್ಟಣ ಹಂಚುವಂತೆ ಮಾಡಲು ಹಿಂದಿನ ದಶಕದಲ್ಲೇ ಮೂರು ಕಡೆ ಯತ್ನಗಳಾಗಿದ್ದವು: ಮೈಕ್ರೋಸಾಫ್ಟ್ ಮತ್ತು 3ಕಾಮ್‌ನ ಎನ್‌ಡಿಐಎಸ್, ನೊವೆಲ್ ಮತ್ತು ಆಪಲ್‌ನ ಒಡಿಐ, ಎಫ್‌ಟಿಪಿ ಸಾಫ್ಟ್‌ವೇರ್ ಕಂಪನಿ ರೂಪಿಸಿದ ಪ್ಯಾಕೆಟ್ ಡ್ರೈವರ್. ಕೊನೆಯದರ ಉಚಿತ ಸಂಗ್ರಹವನ್ನು ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯದಿಂದ ಶುರುಮಾಡಿ ವರ್ಷಗಟ್ಟಲೆ ಕಾಪಾಡಿಕೊಂಡು ಬಂದವರು ರಸ್ ನೆಲ್ಸನ್. ಅದರಲ್ಲಿನ ಎನ್‌ಇ2000 ಡ್ರೈವರ್ ಕೆಲವೇ ಕಿಲೋಬೈಟಿನದು. ಒಂದು ಸಾಲಿನ ಆಜ್ಞೆ, ಅದರಲ್ಲಿ ಮೂರು ಸಂಖ್ಯೆ, ಮುಗಿಯಿತು. ಅದರ ಮೇಲೆ ವಿಂಡೋಸಿಗೆ ಟಿಸಿಪಿ/ಐಪಿ ಕಲಿಸುವ, ಟಾಸ್ಮೇನಿಯದಿಂದ ಬಂದ ಟ್ರಂಪೆಟ್ ವಿನ್‌ಸಾಕ್, ಅಥವಾ ಒಂದೇ ಡಯಲಪ್ ಸಂಪರ್ಕವನ್ನು ಹತ್ತು ಪಿಸಿಗಳಿಗೆ ಹಂಚುವ ನ್ಯೂಜಿಲೆಂಡಿನ ವಿನ್‌ಗೇಟ್. ತೈವಾನಿನ ಕಾರ್ಡು, ನ್ಯೂಯಾರ್ಕ್ ರಾಜ್ಯದ ಡ್ರೈವರ್, ಟಾಸ್ಮೇನಿಯದ ತಂತ್ರಾಂಶ, ಅದನ್ನೆಲ್ಲ ಜೋಡಿಸುವ ಕಾರ್ಕಳದವನೋ ಕೊಲ್ಲಂನವನೋ ಕರಾಚಿಯವನೋ. ದುಬೈಯ ನಿಜವಾದ ಇಂಟರ್ನೆಟ್ ಸಿಟಿ ಹೀಗೆ ಮೊದಲು ಕಟ್ಟಿಕೊಂಡದ್ದು ಬರ್ ದುಬೈಯಲ್ಲಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ವಿಂಡೋಸ್ 95 ಬಂದ ಮೇಲೆ ಜಂಪರುಗಳ ಕಾಲ ಮುಗಿಯತೊಡಗಿತು. ‘ಎನ್‌ಇ2000 ಕಾಂಪಾಟಿಬಲ್’ ಡ್ರೈವರ್ ವಿಂಡೋಸಿನ ಸಿಡಿಯಲ್ಲೇ ಇತ್ತು. ಕೋಆಕ್ಸ್ ಹೋಗಿ ಹಬ್ಬು ಮತ್ತು ತಿರುಚಿದ ಜೋಡಿತಂತಿ ಬಂದವು. 100 ಮೆಗಾಬಿಟ್ಟಿನ ಮಾನಕ 1995ರಲ್ಲಿ ಸಿದ್ಧವಾಗಿ, ದಶಕದ ಕೊನೆಗೆ ರಿಯಲ್‌ಟೆಕ್‌ನ ಆರ್‌ಟಿಎಲ್8139 ಚಿಪ್ಪಿನ ಕಾರ್ಡುಗಳು ಬಿಳಿ ಪೆಟ್ಟಿಗೆಗಳಲ್ಲಿ ಹಳೆಯವುಗಳ ಜಾಗ ಹಿಡಿದವು. ಅದರ ದರ ಎಲ್ಲರಿಗೂ ಇಷ್ಟ, ಡ್ರೈವರ್ ಬರೆಯುವವರಿಗೆ ಮಾತ್ರ ಕಷ್ಟ. ಬಂದ ಪೊಟ್ಟಣವನ್ನು ಅದು ನೆಟ್ಟಗೆ ಬೇಕಾದಲ್ಲಿ ಇಡುವುದಿಲ್ಲ. ಒಂದೇ ದೊಡ್ಡ ತೊಟ್ಟಿಗೆ ಸುರಿಯುತ್ತದೆ, ಪ್ರೊಸೆಸರು ಅದನ್ನು ಮತ್ತೆ ನಕಲು ಮಾಡಿಕೊಳ್ಳಬೇಕು. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂಗೆ ಅದರ ಡ್ರೈವರ್ ಬರೆದ ಬಿಲ್ ಪಾಲ್, ಪಿಸಿಐ ಕಾರ್ಡುಗಳಲ್ಲೇ ಬಹುಶಃ ಅತಿ ಕಳಪೆ ಎಂಬರ್ಥದ ಮಾತನ್ನು ಕಡತದೊಳಗೇ ಬರೆದಿಟ್ಟಿದ್ದಾರೆ. ಬರೆದಿಟ್ಟೂ ಅದನ್ನು ಚೊಕ್ಕವಾಗಿ ನಡೆಸಿಕೊಟ್ಟಿದ್ದಾರೆ. ಈ ಕಾರ್ಡು ಹಳೆಯದಕ್ಕೆ ಕಾಂಪಾಟಿಬಲ್ ಅಲ್ಲದ್ದರಿಂದ ಹಳೆಯ ವಿಂಡೋಸ್‌ಗಳಿಗೆ ಜೊತೆಗೆ ಬಂದ ಫ್ಲಾಪಿಯೇ ಗತಿ. ಫ್ಲಾಪಿ ಕೆಟ್ಟರೆ ಡ್ರೈವರನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಇಂಟರ್ನೆಟ್ಟಿಗೆ ಹೋಗಲು ಆ ಡ್ರೈವರೇ ಬೇಕು. ಇದರಿಂದಾಗಿ ಅನುಭವಸ್ಥರ ಚೀಲದಲ್ಲಿ ಒಂದು ಹಳೆಯ ಎನ್‌ಇ2000 ಯಾವಾಗಲೂ ಇರುತ್ತಿತ್ತು. ಮೊದಲು ಅದನ್ನು ಚುಚ್ಚಿ, ಜಾಲಕ್ಕೆ ಸೇರಿ, ಹೊಸದರ ಡ್ರೈವರ್ ತಂದುಕೊಂಡು ಆಮೇಲೆ ಕಾರ್ಡು ಬದಲಿಸುವುದು.

ಇದೇ ಕಾಲದ ಬೆಂಗಳೂರನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅಲ್ಲಿ ಜಾಲ ಬಂದದ್ದು ಸಂಸ್ಥೆಗಳ ಮೂಲಕ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಉಪಗ್ರಹ ಸಂಪರ್ಕದೊಂದಿಗೆ ಬಂತು. 1986ರಲ್ಲಿ ಶುರುವಾದ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲ ಯೋಜನೆಯ ಮೊದಲ ಎಂಟು ಸಂಸ್ಥೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ದುಬೈ ಕಾರ್ಡು ಮಾರುತ್ತಿದ್ದಾಗ ಬೆಂಗಳೂರು ಕೋಡು ಓದುತ್ತಿತ್ತು. 2001ರಲ್ಲಿ ಅಲ್ಲಿ ಲಿನಕ್ಸ್ ಬೆಂಗಳೂರು ಸಮಾವೇಶ ಶುರುವಾಗಿ, 2005ರಿಂದ ಫಾಸ್.ಇನ್ ಆಯಿತು. ಇಂಟೆಲ್, ಬ್ರಾಡ್‌ಕಾಮ್‌ಗಳ ಬೆಂಗಳೂರು ಕಚೇರಿಗಳಲ್ಲಿ ನಮ್ಮ ಹುಡುಗ ಹುಡುಗಿಯರು ನೆಟ್‌ವರ್ಕ್ ಡ್ರೈವರ್‌ಗಳ ಕೆಲಸಕ್ಕೆ ಕೂತರು. ಕರಾವಳಿಯ ಒಂದು ತಲೆಮಾರು ದುಬೈಯಲ್ಲಿ ಡ್ರೈವರ್ ಲೋಡ್ ಮಾಡಿತು, ಮುಂದಿನದು ಬೆಂಗಳೂರಿನಲ್ಲಿ ಬರೆಯತೊಡಗಿತು.

ಅಬುಧಾಬಿ 2011ರ ಹೊತ್ತಿಗೆ ಇಡೀ ನಗರಕ್ಕೆ ಮನೆಮನೆಗೂ ಫೈಬರ್ ಎಳೆದ ರಾಜಧಾನಿಯಾಯಿತು. ಕಾರ್ಡು ಎಂಬುದು ಮದರ್‌ಬೋರ್ಡಿನಲ್ಲಿ ಕರಗಿ, ಆಮೇಲೆ ಪೂರ್ತಿ ಕಾಣದಾಯಿತು. ಫಬ್ರೀಸ್ ಬೆಲ್ಲಾರ್ ಬರೆದ ಕ್ಯೂಇಎಂಯು ಎಂಬ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಅನುಕರಿಸುವ ತಂತ್ರಾಂಶದಲ್ಲಿ ಎನ್‌ಇ2000 ಬರಿಯ ಕೋಡಾಗಿ ಉಳಿದಿದೆ. ಹಳೆಯ ಡ್ರೈವರ್‌ಗಳು ಒಪ್ಪಲೆಂದು 14 ಮತ್ತು 15ನೆಯ ಸ್ಥಾನಗಳಲ್ಲಿ ಆ ಎರಡು ‘ಡಬ್ಲ್ಯೂ’ಗಳನ್ನೂ ಅದರಲ್ಲಿ ಇಟ್ಟಿದ್ದಾರೆ. 2019ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಅಝೂರ್ ಕ್ಲೌಡ್ ಕೇಂದ್ರಗಳನ್ನು ದುಬೈ ಮತ್ತು ಅಬುಧಾಬಿಗಳಲ್ಲಿ ತೆರೆಯಿತು. ಅಲ್ಲಿ ಬಾಡಿಗೆಗೆ ಸಿಗುವ ಲಿನಕ್ಸ್ ಯಂತ್ರಕ್ಕೆ ಕಾಣುವ ಈಥರ್ನೆಟ್ ಕಾರ್ಡು ಕಲ್ಪಿತ, ಡ್ರೈವರ್ ಮಾತ್ರ ನಿಜ. ಅದರ ಮೂಲ, ಮೈಕ್ರೋಸಾಫ್ಟ್ 2009ರ ಜುಲೈಯಲ್ಲಿ ಲಿನಕ್ಸಿಗೆ ಕೊಟ್ಟ ಸುಮಾರು 20,000 ಸಾಲುಗಳ ಡ್ರೈವರ್ ಕೋಡಿನಲ್ಲಿದೆ. ಕೊಟ್ಟದ್ದು ಡೊನಾಲ್ಡ್ ಬೆಕರ್ ತಮ್ಮ ಕಡತದ ತಲೆಗೆ ಬರೆದಿದ್ದ ಅದೇ ಜಿಪಿಎಲ್ ಪರವಾನಗಿಯಡಿ.